ಒಂದೇ ಹಲಗೆಯ ತುಂಡುಗಳು

ಮರ ಕೊರೆಯುವ ಮಿಷನ್ನು ನಿಂತ ಮೇಲೂ ಶೆಡ್ಡಿನ ತಗಡುಗಳು ಒಂದು ಗಳಿಗೆ ಗುಂಯ್‌ಗುಟ್ಟುತ್ತಲೇ ಇದ್ದವು. ಅಪ್ಪು ಕನ್ನಡಕವನ್ನು ಹಣೆಗೇರಿಸಿ, ಆಗತಾನೇ ಕೊರೆದ ಎರಡು ಕಿಂಡಿಗಳಿಗೆ ಚಪ್ಪಟೆಯಾದ ಮರದ ಬಿಲ್ಲೆಗಳನ್ನು ಒತ್ತಿದ. ಎರಡು ತೇಗದ ತುಂಡುಗಳನ್ನು ಎದುರುಬದುರು ಹಿಡಿದು ಅಂಗೈಯಿಂದ ಒಂದೇ ಒಂದು ಪೆಟ್ಟು ಕೊಟ್ಟ. ಟಪ್ಪೆಂದು ಕೂತಿತು. ಅದನ್ನು ಶಿವರಾಜುವಿನ ಕೈಗಿತ್ತು, ತೋಳಿನ ಮೇಲಿನ ಹೊಟ್ಟನ್ನು ಊದಿಕೊಳ್ಳುತ್ತ ನಿಂತ.

ಶಿವರಾಜು ಜೋಡಣೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಎರಡು ತುಂಡು ಸೇರಿದ ಕಡೆ ಒಂದು ಗೆರೆ ಇತ್ತು, ಅಷ್ಟೆ. ಉಗುರಿನಿಂದ ಗೀಚಿದ. ಉಗುರು ಎಲ್ಲೂ ತಡೆಯಲಿಲ್ಲ. ಜೇಬಿನಲ್ಲಿದ್ದ ಬಸ್ ಟಿಕೆಟ್ಟು ತೆಗೆದು ಅದರ ಅಂಚನ್ನು ಸಂದಿಗೆ ತೂರಿಸಲು ನೋಡಿದ. ಆ ಕಾಗದದ ದಪ್ಪ ಹೆಚ್ಚೆಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಟಿಕೆಟ್ಟು ಮಡಚಿಕೊಂಡಿತೇ ಹೊರತು ಒಳಗೆ ಹೋಗಲಿಲ್ಲ.

"ಎಷ್ಟೊತ್ತಾಯ್ತಣ್ಣ, ಯೋಳು ನೋಡವಾ?" ಅಪ್ಪು ಕೇಳಿದ.

"ನಾನ್ ನೋಡ್ನಿಲ್ಲ."

ನೋಡಿದ್ದ. ಗುರುತು ಹಾಕಿದಲ್ಲಿಂದ ಕೂಡಿಸುವವರೆಗೆ ಒಂದು ನಿಮಿಷ ಹತ್ತು ಸೆಕೆಂಡು. ಕೈಯಲ್ಲಿ ಮಾಡಿದರೆ ಬಿಲ್ಲೆ ಇರುವುದಿಲ್ಲ. ಒಂದು ತುಂಡಿನಲ್ಲಿ ಉಳಿಯಿಂದ ಕಿಂಡಿ ತೋಡಿ, ಇನ್ನೊಂದರ ತುದಿಯನ್ನೇ ನಾಲಿಗೆಯಂತೆ ಕೆತ್ತಿ ಅದರೊಳಗೆ ಕೂರಿಸಿ, ಅಡ್ಡಕ್ಕೊಂದು ಮರದ ಬೆಣೆ ಹೊಡೆಯಬೇಕು. ಉಳಿ ಚೆನ್ನಾಗಿ ಮಸೆದಿದ್ದ ದಿನ ಶಿವರಾಜುವಿಗೆ ಅದಕ್ಕೆ ಐವತ್ತು ನಿಮಿಷ ಹಿಡಿಯುತ್ತಿತ್ತು.

"ಎಷ್ಟು ಕೊಟ್ಟೆ?"

"ಒಂದೂ ಮುಕ್ಕಾಲು ಲಕ್ಸ. ಜರ್ಮನಿ ಮಾಲು ಕಣಣ್ಣ, ಚೌಕಾಸಿ ಮಾಡಂಗೇ ಇಲ್ಲ. ಕಾರ್ ಮಾರ್ಬುಟ್ಟೆ. ಬೆಂಗ್ಳೂರಿಂದ ಬಸ್ಸಲ್ಲೇ ತಂದೆ. ಕಂಡಕ್ಟ್ರು ಪೆಟ್ಟಿಗೆ ನೋಡಿ ಲಗೇಜು ತಕೊ ಅಂದ. ಮಗೀನಂಗೆ ತೊಡೆ ಮ್ಯಾಲೆ ಕೂರಿಸ್ಕತೀನಿ ಬುಡಣ್ಣ ಅಂದೆ. ಮದ್ದೂರು ಬರಗಂಟ ಕಾಲು ಜೋಮು ಇಡ್ಕಬುಡ್ತು." ಅಪ್ಪು ನಗುತ್ತ ಮಿಷನ್ನಿನ ಬೆನ್ನು ಸವರಿದ. "ಇಡ್ಕೊ, ನೀನೊಂದು ಒಡಿ."

"ಬ್ಯಾಡ ಬುಡು. ನಿನ್ ಕೈಗೆ ಒಗ್ಗಿರೋದು."

ಅಪ್ಪುವಿನ ಕೈ! ಶಿವರಾಜುವಿಗೆ ಆ ಕೈ ಚೆನ್ನಾಗಿ ಗೊತ್ತು. ಇಬ್ಬರೂ ಮಂಡ್ಯದಲ್ಲಿ ಹೊನ್ನಯ್ಯ ಮೇಸ್ತ್ರಿಯ ಹತ್ತಿರ ಕೆಲಸ ಕಲಿತವರು. ಬಿ.ಎಸ್ಸಿ. ಎರಡನೇ ವರ್ಷಕ್ಕೆ ಬಿಟ್ಟು ಶಿವರಾಜು ಅಲ್ಲಿಗೆ ಸೇರಿದ ಆರು ವರ್ಷದ ಮೇಲೆ ಅಪ್ಪು ಬಂದಿದ್ದ. ಅವನು ತೋಡಿದ ಕಿಂಡಿ ಒಂದಾದರೂ ನೇರವಾಗಿ ಇರುತ್ತಿರಲಿಲ್ಲ. ಹೊನ್ನಯ್ಯ ಅವನನ್ನು ಕರೆಯುತ್ತಿದ್ದದ್ದೇ ಸೊಟ್ಟಪ್ಪು ಎಂದು. ಅವನು ಕೆಡಿಸಿದ ಕಿಂಡಿಗಳಿಗೆ ಸಿಬಿರು ಮೆತ್ತಿ ಸರಿಮಾಡುವ ಕೆಲಸ ಶಿವರಾಜುವಿನದಾಗಿತ್ತು. ಈಗ ಮದ್ದೂರಿನ ಪಕ್ಕದ ಕೊಪ್ಪದ ಈ ತಗಡಿನ ಶೆಡ್ಡಿನಲ್ಲಿ, ಸಿಬಿರು ಮೆತ್ತಲು ಜಾಗವೇ ಇಲ್ಲದ ಒಂದು ಜೋಡಣೆಯನ್ನು ಹಿಡಿದುಕೊಂಡು ಅವನು ನಿಂತಿದ್ದ.

"ಮಂಗಳ್ವಾರ ಮೇಸ್ತ್ರು ಬಂದಿದ್ರು," ಅಂದ ಅಪ್ಪು.

"ಇಲ್ಲಿಗಾ?"

"ಊಂ, ಕೆರಗೋಡಿಂದ ಎರಡು ಬಸ್ಸು ಅತ್ತಿ ಇಳ್ದು ಬಂದ್ರು. ಒಂದು ಜೋಡಣೆ ಮಾಡಿ ಕೈಗೆ ಕೊಟ್ಟೆ. ಎಬ್ಬೆಟ್ಟಿಕ್ಕಿ ಸವರಿದ್ರು. ಚೆನ್ನಾಗದೆ ಕಣ್ಲಾ ಅಂದ್ರು."

ಶಿವರಾಜು ಕೈಲಿದ್ದುದನ್ನು ಮೇಜಿನ ಮೇಲಿಟ್ಟ. ಇಪ್ಪತ್ತೆರಡು ವರ್ಷದಲ್ಲಿ ಹೊನ್ನಯ್ಯನ ಬಾಯಿಂದ ಅವನು ಕೇಳಿದ್ದು ಒಂದೇ ಮಾತು: "ಆಗ್ಬೋದು." ಮಳವಳ್ಳಿಯ ಮದುವೆ ಛತ್ರಕ್ಕೆ ನಲವತ್ತೆಂಟು ಜೋಡಣೆಯ ಬಾಗಿಲು ಮಾಡಿಕೊಟ್ಟಾಗಲೂ ಮೇಸ್ತ್ರಿ ಹೆಬ್ಬೆರಳಿಂದ ಮೇಲಿನಿಂದ ಕೆಳಗೆ ಸವರಿ, "ಆಗ್ಬೋದು, ಎತ್ತು" ಅಂದಿದ್ದ. ಚೆನ್ನಾಗಿದೆ ಎನ್ನುವ ಮಾತು ಆತನ ಬಾಯಲ್ಲೇ ಇಲ್ಲ, ಆತನ ಸ್ವಭಾವವೇ ಅಷ್ಟು ಎಂದುಕೊಂಡು ಶಿವರಾಜು ಸಮಾಧಾನವಾಗಿದ್ದ.

"ಅವ್ರ ಒಸ ಮನೆ ಬಾಗ್ಲವಾಡ ನೀನೇ ಮಾಡು ಅಂದ್ರು," ಅಪ್ಪು ಮುಂದುವರಿಸಿದ. ಆಮೇಲೆ ಶಿವರಾಜುವಿನ ಮುಖ ನೋಡಿ, "ನಿಂಗೆ ಯೋಳಿಲ್ವಾಣ್ಣ?" ಅಂದ.

"ಯೋಳವ್ರೆ, ಯೋಳವ್ರೆ," ಅಂದ ಶಿವರಾಜು.

ಹೇಳಿರಲಿಲ್ಲ. ಹೊನ್ನಯ್ಯನಿಗೆ ಈಗ ಕೈ ನಡುಗುತ್ತದೆ, ಉಳಿ ಹಿಡಿಯಲಾರ. ಆತ ಕೆರಗೋಡಿನಲ್ಲಿ ಮನೆ ಕಟ್ಟಿಸುತ್ತಾನೆಂದು ತಿಳಿದಾಗಿನಿಂದ ಮುಂಬಾಗಿಲ ಚೌಕಟ್ಟು ತನ್ನದೇ ಎಂದು ಶಿವರಾಜು ಎಣಿಸಿದ್ದ. ಆ ಕಡೆಯಲ್ಲಿ ಬಾಗಿಲುವಾಡ ನಿಲ್ಲಿಸುವ ದಿನ ಬಡಗಿಗೆ ಒಂದು ಮರ್ಯಾದೆ ಇದೆ. ಗಾರೆಯವನು, ಇಂಜಿನಿಯರು, ನೆಂಟರು ಎಲ್ಲರೂ ನಿಂತಿರುವಾಗ ಮನೆಯ ಯಜಮಾನ ಮೊದಲು ಬಡಗಿಯನ್ನು ಕರೆದು, ತಾಂಬೂಲ ಪಂಚೆ ಇಟ್ಟ ತಟ್ಟೆಯನ್ನು ಎರಡೂ ಕೈಯಿಂದ ಕೊಡುತ್ತಾನೆ. ಎಷ್ಟೋ ಮನೆಗಳಲ್ಲಿ ಶಿವರಾಜು ಅದನ್ನು ಇಸಿದುಕೊಂಡಿದ್ದ. ಬೇಕಾಗಿದ್ದದ್ದು ಆ ಒಂದು ಮನೆಯದು.

ಮದ್ದೂರಿಗೆ ಬಂದವನೇ ಅವನು ಮಳವಳ್ಳಿ ರಸ್ತೆಯ ತನ್ನ ಅಂಗಡಿಯಲ್ಲಿ ಪ್ಲೈವುಡ್ಡಿನ ಒಂದು ಚೂರನ್ನು ತೊಡೆಯ ಮೇಲಿಟ್ಟುಕೊಂಡು ಲೆಕ್ಕಕ್ಕೆ ಕೂತ. ಮಿಷನ್ನಿಗೆ ಹತ್ತು ವರ್ಷ ಆಯುಸ್ಸು. ವರ್ಷಕ್ಕೆ ಮುನ್ನೂರು ದಿನ, ದಿನಕ್ಕೆ ಆರು ಜೋಡಣೆ. ಬಿಲ್ಲೆ ಒಂದಕ್ಕೆ ಇಪ್ಪತ್ತೆರಡು ರೂಪಾಯಿ, ಜೋಡಣೆಗೆ ಎರಡು. ಕೂಲಿ ಸೇರಿ ಒಂದು ಜೋಡಣೆಗೆ ಐವತ್ತೇಳು ರೂಪಾಯಿ ಬಂತು. ಕೈಯಲ್ಲಿ ಮಾಡಿದರೆ ಐವತ್ತು ನಿಮಿಷದ ಕೂಲಿಯೇ ನೂರಿಪ್ಪತ್ತೈದು. ಅವನು ಅದನ್ನು ಅಳಿಸಿ ಮಿಷನ್ನಿಗೆ ಐದೇ ವರ್ಷ ಕೊಟ್ಟ. ಆಮೇಲೆ ಎರಡೇ ವರ್ಷ ಕೊಟ್ಟ. ಎರಡು ವರ್ಷಕ್ಕೆ ಸುಟ್ಟು ಬೂದಿಯಾಗಿ ಹೋಗುವ ಮಿಷನ್ನಿಗೂ ತೊಂಬತ್ತಾರೇ ಬಂತು.

ಹೆಂಡತಿ ವೀಣ ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತು ಸುಲಿಯುತ್ತಿದ್ದಳು. "ಅದ್ಯಾಕೆ ಒಂದೇ ಲೆಕ್ವ ಮೂರು ಸಲ ಮಾಡ್ತಿದ್ದೀರಿ?"

"ಸರಿ ಬತ್ತಿಲ್ಲ."

"ಲೆಕ್ಕ ಸರಿ ಬತ್ತಿಲ್ವೋ, ಒಟ್ಟೆ ಉರಿ ಆರ್ತಿಲ್ವೋ?"

"ಸುಮ್ಕಿರು."

"ಬ್ಯಾಂಕಲ್ಲಿ ಮಡಗಿರೋದು ಕೊಳೀತಾ ಅದೆ. ನೀವೂ ಒಂದು ತಂದ್ಬುಡಿ, ಮುಗೀತು. ಅಪ್ಪುನ ಮಿಷನ್ನಿಗೇನು ಕೊಂಬದಾ?"

ತರಬಹುದಿತ್ತು. ಅದೇ ಅವನನ್ನು ಹೆಚ್ಚು ಉರಿಸಿದ್ದು. ತಂದರೆ ಅಪ್ಪುವನ್ನು ನೋಡಿ ತಂದ ಹಾಗಾಗುತ್ತದೆ. ಬೆಲೆಯ ಮಾತಿನಲ್ಲಿ ತಾನು ಸೋತೆನೆಂದು ಒಪ್ಪಿದ ಹಾಗಾಗುತ್ತದೆ. ಆದರೆ ಬೆಲೆಯೊಂದೇ ಲೆಕ್ಕವಲ್ಲ. ತೂಕ ತಡೆಯುವ ಶಕ್ತಿ ಎಂಬುದೊಂದಿದೆ. ಎರಡಿಂಚಿನ ಬಿಲ್ಲೆ ಎಲ್ಲಿ, ನಾಲ್ಕಿಂಚಿನ ನಾಲಿಗೆ ಎಲ್ಲಿ? ಪ್ಲೈವುಡ್ಡಿನ ಚೂರನ್ನು ಮಗುಚಿ ಅವನು ಹಿಂದುಗಡೆ ಒಂದು ಚಿತ್ರ ಬರೆಯತೊಡಗಿದ: ಒಂದು ಕಂಬ, ಅದಕ್ಕೆ ಕೂಡಿಸಿದ ಒಂದು ತೋಳು, ತೋಳಿನ ತುದಿಗೆ ನೇತುಹಾಕಿದ ಡ್ರಮ್ಮು.

ಮಾರನೆಯ ದಿನ ಕೆರಗೋಡಿಗೆ ಹೋದಾಗ ಹೊಸ ಮನೆಯ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿತ್ತು. ಹೊನ್ನಯ್ಯ ಮರಳಿನ ರಾಶಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದ. ಎಡಗೈ ತೊಡೆಯ ಮೇಲೆ ತನ್ನಷ್ಟಕ್ಕೆ ಅಲುಗುತ್ತಿತ್ತು. ಆತ ಬಲಗೈಯನ್ನು ಅದರ ಮೇಲೆ ಒತ್ತಿ ಹಿಡಿದಿದ್ದ. ಆತನ ಹೆಂಡತಿ ಮಲ್ಲಿಗಮ್ಮ ಮಜ್ಜಿಗೆ ತಂದುಕೊಟ್ಟಳು.

"ಬಾಗ್ಲವಾಡ ಅಪ್ಪುಗೆ ಯೋಳಿದ್ರಂತೆ," ಶಿವರಾಜು ಲೋಟದೊಳಗೆ ನೋಡುತ್ತ ಅಂದ.

"ಊಂ, ಯೋಳ್ದೆ. ಮಿಷನ್ ತಂದವ್ನೆ, ಉಮೇದಲ್ಲವ್ನೆ. ಮಾಡ್ಲಿ."

"ನಿಲ್ತದಾ ಮೇಸ್ತ್ರೆ ಅದು? ಬಿಲ್ಲೆ ಸಿಗಿಸೋ ಕೆಲ್ಸ. ನಾಳೆ ಗೋಡೆ ಬಾರ ಕೂತ್ರೆ?"

"ನಿಲ್ಲಾಕಿಲ್ಲ ಅಂತೀಯಾ?"

"ನಾನನ್ನೋದಲ್ಲ. ಪರೀಕ್ಷೆ ಮಾಡವಾ. ಒಂದೇ ಮರ, ಒಂದೇ ಅಳತೆ. ಅವ್ನು ಮೂರು ಮಾಡ್ಲಿ, ನಾನು ಮೂರು ಮಾಡ್ತೀನಿ. ಒಂದ್ರಲ್ಲಿ ಏನೂ ತಿಳಿಯಾಕಿಲ್ಲ, ಮೂರಾದ್ರೂ ಬೇಕು. ತೂಕ ಕಟ್ಟಿ ಮುರಿಯವಾ. ಯಾವ್ದು ಜಾಸ್ತಿ ತಡೀತದೋ ಅದ್ರಲ್ಲಿ ಬಾಗ್ಲವಾಡ ಆಗ್ಲಿ."

ಮಲ್ಲಿಗಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. "ಅಯ್ಯೋ ನಮ್ಮಪ್ಪ, ಇವ್ನು ಇನ್ನೂ ಕಾಲೇಜು ಬುಟ್ಟಿಲ್ಲ ಕಣ್ರೀ."

ಹೊನ್ನಯ್ಯ ನಗಲಿಲ್ಲ. "ನಿಂಗೆ ಬಾಗ್ಲವಾಡ ಮಾಡ್ಬೇಕು ಅನ್ನಿಸಿದ್ರೆ ಕೇಳ್ಬೋದಾಗಿತ್ತು ಕಣ್ಲಾ."

"ಅದಕ್ಕಲ್ಲ ಮೇಸ್ತ್ರೆ."

"ಆಯ್ತು. ಮಾಡು. ಮರ ನೀನೇ ತತ್ತಾ."

ಫೋನಿನಲ್ಲಿ ಕೇಳಿದಾಗ ಅಪ್ಪು ಅದಕ್ಕೂ ನಕ್ಕ. "ಬೇಜಾನ್ ಚೆಂದಾಗಿರ್ತದೆ ಕಣಣ್ಣ! ನಂಗೂ ತಿಳೀಬೇಕು ಇದು ಎಷ್ಟು ತಡೀತದೆ ಅಂತ. ಮರ ಕುಯ್ದು ಕಳ್ಸು, ಅಂಟಾಕಿ ಕೂಡಿಸ್ಕೊಂಡು ಬತ್ತೀನಿ."

ಶಿವರಾಜು ಹತ್ತಡಿಯ ಒಂದು ತೇಗದ ಹಲಗೆಯನ್ನು ಆರಿಸಿದ. ಆರಿಸುವಾಗ ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತೋಳುಗಳಿಗೆ ಬೇರೆ ಮರ ಕೊಯ್ದಿಟ್ಟುಕೊಂಡು, ಈ ಹಲಗೆಯಿಂದ ಆರು ಕಂಬ ತೆಗೆಯಬೇಕೆಂದು ಗುರುತು ಹಾಕಿದ. ಕಿಂಡಿ ತೋಡುವುದು ಕಂಬಕ್ಕೆ. ಭಾರವೆಲ್ಲ ಬೀಳುವುದು ಅದರ ಮೇಲೆ. ಯಾರಿಗೆ ಯಾವ ತುಂಡು ಎಂಬುದರಲ್ಲಿ ಕೈವಾಡ ಇರಬಾರದೆಂದು ಒಂದರಿಂದ ಆರರವರೆಗೆ ಚೀಟಿ ಬರೆದು, ಮಡಚಿ, ತೂಗುಹಾಕಿದ ಅಂಗಿಯ ಜೇಬಿನಲ್ಲಿಟ್ಟ. ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿತ ಶಿಸ್ತು ಅದು. ಆಮೇಲೆ ಕೊಯ್ದ, ಕೀಸುಳಿ ಹೊಡೆದ.

ಆರೂ ತುಂಡುಗಳನ್ನು ಬೆಂಚಿನ ಮೇಲೆ ಸಾಲಾಗಿಟ್ಟಾಗ ಬೆಳಗಿನ ಬಿಸಿಲು ಓರೆಯಾಗಿ ಅವುಗಳ ಮೇಲೆ ಬಿದ್ದಿತು. ಹಲಗೆಯ ಒಂದು ತುದಿಯಲ್ಲಿ, ಮರ ಬದುಕಿದ್ದಾಗ, ಎಲ್ಲೋ ಹತ್ತಿರದಲ್ಲೇ ಕೊಂಬೆಯೊಂದು ಮೂಡಿರಬೇಕು. ಗಂಟು ಹಲಗೆಯಲ್ಲಿ ಬಂದಿರಲಿಲ್ಲ. ಆದರೆ ಮರದ ಎಳೆ ಅದನ್ನು ಬಳಸಿಕೊಂಡು ಹೋಗಿತ್ತು. ಒಂದು, ಎರಡು, ಮೂರನೆಯ ತುಂಡುಗಳಲ್ಲಿ ಎಳೆ ಈ ತುದಿಯಿಂದ ಆ ತುದಿಗೆ ನೇರವಾಗಿ ಓಡಿತ್ತು. ನಾಲ್ಕು, ಐದು, ಆರರಲ್ಲಿ ಗೇಣುದ್ದ ಹೋಗುವಷ್ಟರಲ್ಲಿ ಪಕ್ಕಕ್ಕೆ ಜಾರಿ ಅಂಚಿನಿಂದ ಹೊರಬಿದ್ದಿತ್ತು. ಬಣ್ಣ ಒಂದೇ, ಹೊಳಪು ಒಂದೇ, ತೂಕವೂ ಹೆಚ್ಚುಕಡಿಮೆ ಒಂದೇ. ಆದರೆ ಅಂಥ ಕಡೆ ಕಿಂಡಿ ತೋಡಿ ಭಾರ ಹಾಕಿದರೆ, ಮರ ಎಳೆಯ ಜಾಡು ಹಿಡಿದು ಸೀಳುತ್ತದೆ. ಯಾರು ತೋಡಿದರೂ, ಯಾವುದರಿಂದ ತೋಡಿದರೂ ಸೀಳುತ್ತದೆ.

ಅವನು ಅಂಗಿಯ ಜೇಬಿನ ಕಡೆ ನೋಡಿದ. ಚೀಟಿಯ ಮಡಿಕೆಗಳು ಬಟ್ಟೆಯ ಮೇಲೆ ಉಬ್ಬಿ ಕಾಣುತ್ತಿದ್ದವು. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾದುಹೋಗುವವರೆಗೂ ಹಾಗೇ ನಿಂತಿದ್ದ. ಆಮೇಲೆ ಒಂದು, ಎರಡು, ಮೂರನ್ನು ಬೆಂಚಿನ ಕೆಳಗಿಟ್ಟ. ನಾಲ್ಕು, ಐದು, ಆರನ್ನು ಸೇರಿಸಿ ಸೆಣಬಿನ ಹುರಿಯಿಂದ ಕಟ್ಟಿದ. ತಿಳಿಯದೆ ಮಾಡಿದೆನೆಂದು ಆಮೇಲೆ ಹೇಳಿಕೊಳ್ಳಲು ಅವನಿಗೆ ಸಾಧ್ಯವಿರಲಿಲ್ಲ. ಹುರಿಗೆ ಎರಡು ಗಂಟು ಹಾಕಿದ್ದ.

ಕಟ್ಟು ತಲುಪಿದಾಗ ಅಪ್ಪು ಫೋನು ಮಾಡಿದ. "ಎಂಥಾ ಮರ ಕಳ್ಸಿದೀಯಣ್ಣ! ಬೆಣ್ಣೆ ಕೊರ್ದಂಗೆ ಕೊರೀತದೆ."

ಭಾನುವಾರ ಬೆಳಿಗ್ಗೆ ಹೊನ್ನಯ್ಯನ ಹಟ್ಟಿಯ ಕಲ್ಲುಕಂಬಕ್ಕೆ ಮೊದಲನೆಯ ಜೋಡಣೆಯನ್ನು ಕಬ್ಬಿಣದ ಬಿಗಿಹಿಡಿಗಳಿಂದ ಕಚ್ಚಿಸಿದರು. ತೋಳು ಅಡ್ಡಲಾಗಿ ಚಾಚಿಕೊಂಡಿತ್ತು. ಸರಿಯಾಗಿ ಎರಡಡಿ ಅಳೆದು ಶಿವರಾಜು ಅಲ್ಲೊಂದು ಕಚ್ಚು ಹಾಕಿ, ನೀಲಿ ಡ್ರಮ್ಮನ್ನು ಹಗ್ಗದಲ್ಲಿ ನೇತುಹಾಕಿದ. ಡ್ರಮ್ಮಿನ ತೂಕ ಐದು ಕಿಲೋ, ಅದನ್ನು ಪುಸ್ತಕದಲ್ಲಿ ಮೊದಲೇ ಬರೆದುಕೊಂಡಿದ್ದ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಪಕ್ಕದ ಮನೆಯ ಚಲುವಮ್ಮ ಡೈರಿಯಲ್ಲಿ ಹಾಲು ಅಳೆಯುವವಳು. ಅಳತೆಯ ಕೆಲಸವನ್ನು ತಾನೇ ಮಾಡುತ್ತೇನೆಂದು ಲೀಟರು ಹಿಡಿದುಕೊಂಡು ಬಂದಿದ್ದಳು. ಹೊನ್ನಯ್ಯ ಸ್ಟೂಲನ್ನು ನೆರಳಿಗೆ ಎಳೆದುಕೊಂಡು ಕೂತ.

"ಲಾಭ," ಎಂದು ಚಲುವಮ್ಮ ಮೊದಲ ಲೀಟರು ಸುರಿದಳು. "ಎರಡು, ಮೂರು..."

"ಮುರಿಯೋ ಲೆಕ್ಕದಲ್ಲಿ ಲಾಭ ಎಲ್ಲಿಂದ ಬಂತಕ್ಕ?" ಅಪ್ಪು ಕೇಳಿದ.

"ಸುಮ್ಕಿರ್ಲಾ. ಒಂದು ಅನ್ನಬಾರ್ದು. ನನ್ ಲೀಟ್ರು, ನನ್ ಬಾಯಿ."

ಶಿವರಾಜುವಿನ ಜೋಡಣೆ ಐವತ್ತರವರೆಗೆ ಸುಮ್ಮನಿದ್ದು, ಆಮೇಲೆ ನರಳತೊಡಗಿತು. ಅರವತ್ತಾರಕ್ಕೆ ನಾಲಿಗೆ ಬುಡದಲ್ಲಿ ಮುರಿದು, ಬೆಣೆ ಹೊರಕ್ಕೆ ಚಿಮ್ಮಿ, ಡ್ರಮ್ಮು ನೆಲಕ್ಕೆ ಕೂತಿತು. ನೀರು ಎಲ್ಲರ ಕಾಲಿಗೂ ಹಾರಿತು. ಎರಡನೆಯದು ಅರವತ್ತಮೂರು. ಮೂರನೆಯದು ಅರವತ್ತೊಂಬತ್ತು.

ಅಪ್ಪುವಿನ ಮೊದಲನೆಯದು ನರಳಲೇ ಇಲ್ಲ. ನಲವತ್ತೆಂಟನೆಯ ಲೀಟರು ಬೀಳುತ್ತಿದ್ದಂತೆ ಫಟ್ಟೆಂದು ಒಡೆಯಿತು. ಚಲುವಮ್ಮ ಲೀಟರು ಎಸೆದು ಹಿಂದಕ್ಕೆ ಹಾರಿದಳು. "ಅಯ್ಯೋ ನಿನ್ ಜರ್ಮನಿಗೆ ಬೆಂಕಿ ಆಕಾ! ಎದೆ ಒಡ್ದೋಯ್ತಲ್ಲೋ!"

"ಇನ್ನೂ ಎರಡವೆ ತಡ್ಕೊ ಅಕ್ಕ," ಎಂದು ಅಪ್ಪು ನಕ್ಕ. ಎರಡನೆಯದು ಐವತ್ತೊಂದಕ್ಕೆ ಹೋಯಿತು. ಮೂರನೆಯದು ನಲವತ್ತನಾಲ್ಕಕ್ಕೆ. ಆ ಹೊತ್ತಿಗೆ ಅವನು ನಗುವುದನ್ನು ಬಿಟ್ಟಿದ್ದ. ಕತ್ತಿನ ಹಿಂಬದಿಯನ್ನು ಉಜ್ಜಿಕೊಳ್ಳುತ್ತ ಪುಸ್ತಕದ ಅಂಕಿಗಳನ್ನು ನೋಡಿದ. "ಒಂದೂ ಮುಕ್ಕಾಲು ಲಕ್ಸ," ಅಂದ, ಯಾರಿಗೂ ಅಲ್ಲದೆ.

ಶಿವರಾಜು ಅಂಕಿಗಳ ಕಡೆ ನೋಡುತ್ತಿರಲಿಲ್ಲ. ಅವನ ಕಣ್ಣು ನೆಲದ ಮೇಲೆ ಬಿದ್ದಿದ್ದ ಚೂರುಗಳ ಮೇಲಿತ್ತು. ಅಪ್ಪುವಿನ ಮೂರು ಕಂಬಗಳೂ ಓರೆಯಾಗಿ ಸೀಳಿದ್ದವು. ಸೀಳಿಬಂದ ಹೋಳುಗಳಲ್ಲಿ ಬಿಲ್ಲೆಗಳು ಮರದೊಳಗೆ ಮರವಾಗಿ ಹಾಗೇ ಕೂತಿದ್ದವು, ಒಂದು ಕೂದಲೂ ಅಲುಗಿರಲಿಲ್ಲ. ಮಿಷನ್ನಿನ ಜೋಡಣೆ ಸೋತಿರಲಿಲ್ಲ, ಸೋತದ್ದು ಮರ. ತನ್ನದು ತಿರುಗಾಮುರುಗಾ: ಕಂಬಗಳಿಗೆ ಒಂದು ಗೀರೂ ಬಿದ್ದಿಲ್ಲ, ಜೋಡಣೆಯೇ ಮುರಿದಿದೆ. ಎರಡೂ ಒಳ್ಳೆಯ ಮರದಲ್ಲಿ ಇದ್ದಿದ್ದರೆ ಅಪ್ಪುವಿನದು ಎಷ್ಟಕ್ಕೆ ಮುರಿಯುತ್ತಿತ್ತೋ! ಎಂಬತ್ತೋ, ತೊಂಬತ್ತೋ. ಆ ಅಂಕಿ ಇನ್ನು ಯಾರಿಗೂ ತಿಳಿಯುವಂತಿರಲಿಲ್ಲ.

"ಆ ಹೋಳು ಇತ್ತ ಕೊಡು," ಅಂದ ಹೊನ್ನಯ್ಯ.

ಅಪ್ಪು ಎತ್ತಿಕೊಟ್ಟ. ಹೊನ್ನಯ್ಯ ಅದನ್ನು ತೊಡೆಯ ಮೇಲಿಟ್ಟುಕೊಂಡು, ಬಿಲ್ಲೆಯನ್ನು ಒಮ್ಮೆ ಜಗ್ಗಿ ನೋಡಿದ. ಬರಲಿಲ್ಲ. ಸೀಳಿನ ನುಣುಪಾದ ಇಳಿಜಾರಿನ ಮೇಲೆ ಬೆರಳಾಡಿಸಿದ. ಆಮೇಲೆ ಎರಡನೆಯ ಹೋಳು ಇಸಿದುಕೊಂಡ, ಮೂರನೆಯದು ಇಸಿದುಕೊಂಡ. ಶಿವರಾಜುವಿನ ಕಂಬಗಳಲ್ಲಿ ಒಂದನ್ನು ಬಗ್ಗಿ ತಾನೇ ಎತ್ತಿಕೊಂಡ. ಕೈ ನಡುಗಿ ಕಂಬದ ತುದಿ ಸ್ಟೂಲಿನ ಕಾಲಿಗೆ ಟಕಟಕ ಬಡಿಯುತ್ತಿತ್ತು.

"ಅಲಗೆ ಕುಯ್ದೋನು ನೀನೇ ಅಲ್ವಾ?"

"ನಾನೇ ಮೇಸ್ತ್ರೆ."

"ಒಂದೇ ಅಲಗೆ."

"ಒಂದೇ."

ಹೊನ್ನಯ್ಯ ಶಿವರಾಜುವಿನ ಮುಖ ನೋಡಲಿಲ್ಲ. ಚೂರುಗಳನ್ನೆಲ್ಲ ಒಟ್ಟುಮಾಡಿ ಮಲ್ಲಿಗಮ್ಮನ ಕಡೆ ನೀಡಿದ. "ನೀರೊಲೆಗೆ ಆಕು." ಆಮೇಲೆ ಲುಂಗಿ ಕೊಡವಿಕೊಂಡು ಎದ್ದ. "ಬಾಗ್ಲವಾಡ ನೀನೇ ಮಾಡ್ಲಾ ಸಿವರಾಜ."

"ಅದೇ ಸರಿ ಮೇಸ್ತ್ರೆ," ಅಂದವನು ಅಪ್ಪು.

ಮೂರು ವಾರ ಶಿವರಾಜು ಬೇರೆ ಕೆಲಸ ಮುಟ್ಟಲಿಲ್ಲ. ಐದಿಂಚು ನಾಲ್ಕಿಂಚಿನ ತೇಗದ ದಿಮ್ಮಿಗಳನ್ನು ಮಳವಳ್ಳಿಯ ಮಿಲ್ಲಿನಲ್ಲಿ ಒಂದೊಂದಾಗಿ ತಿರುಗಿಸಿ ನೋಡಿ ತಂದಿದ್ದ. ನಾಲ್ಕು ಮೂಲೆಯ ಕಿಂಡಿಗಳನ್ನು ತೋಡುವಾಗ ಉಳಿಯನ್ನು ದಿನಕ್ಕೆ ಐದು ಸಲ ಮಸೆದ. ಅಷ್ಟು ಸಣ್ಣ ಗೆರೆಯ ಜೋಡಣೆಯನ್ನು ಅವನ ಕೈ ಹಿಂದೆಂದೂ ಮಾಡಿರಲಿಲ್ಲ. ಆದರೂ ಒಂದೊಂದು ಮೂಲೆ ಮುಗಿದಾಗಲೂ ಬಸ್ ಟಿಕೆಟ್ಟಿನ ಅಂಚು ತೂರಿಸಿ ನೋಡುತ್ತಿದ್ದ. ಒಂದು ಮೂಲೆಯಲ್ಲಿ ಅದು ಒಳಗೆ ಹೋಯಿತು. ಬಿಚ್ಚಿ ಮತ್ತೆ ಕೆತ್ತಿದ.

ಕೆಲಸ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅಪ್ಪು ಬಂದ. ಬಸ್ಸಿಳಿದು ನಡೆದುಬಂದಿದ್ದ, ಮಿಷನ್ನಿನ ಪೆಟ್ಟಿಗೆ ಕೈಯಲ್ಲಿತ್ತು. ಅದನ್ನು ಬೆಂಚಿನ ಮೇಲೆ ಇಡದೆ ಕೆಳಗಿಟ್ಟು, ಅದರ ಮೇಲೆಯೇ ಕೂತ.

"ಮೈಸೂರಿಗೆ ಓಯ್ತಾ ಇದೀನಣ್ಣ. ಅಲ್ಲೊಬ್ಬ ಎಪ್ಪತ್ತು ಸಾವ್ರಕ್ಕೆ ಕೇಳ್ತವ್ನೆ. ಮಾರ್ಬುಡ್ಲಾ ಅಂತ."

"ಯಾಕ್ಲಾ?"

"ಇನ್ನೇನು ಮತ್ತೆ. ಆವತ್ತಿಂದ ಜೋಡಣೆ ಮಾಡಕೋದ್ರೆ ಬಯ. ಮಂಚ ಮಾಡ್ಕೊಟ್ಟಿವ್ನಿ, ಯಾವತ್ತು ಮುರ್ಕೊಂಡು ಬೀಳ್ತದೋ ಅಂತ ನಿದ್ದೆ ಬರಾಕಿಲ್ಲ. ನೀನು ಸೈನ್ಸ್ ಓದ್ದೋನು. ಯೋಳು, ಮಾರ್ಲಾ?"

ಶಿವರಾಜು ಕೀಸುಳಿಯ ಬಾಯಿಗೆ ಸಿಕ್ಕಿದ್ದ ಹೊಟ್ಟನ್ನು ಕೀಳುತ್ತಿದ್ದ. ಈಗ ಹೇಳಬಹುದಿತ್ತು. ನಾಲ್ಕು ಮಾತು ಸಾಕಿತ್ತು.

"ಇಲ್ಲ, ನೀನೇ ತಕೋತೀಯಾ?" ಅಪ್ಪುವಿಗೆ ತಟ್ಟನೆ ಹೊಳೆದಂತಿತ್ತು. "ನಿಂಗಾದ್ರೆ ಅರವತ್ತಕ್ಕೇ ಕೊಡ್ತೀನಿ. ನೀನಾದ್ರೆ ಇದ್ರಲ್ಲಿ ಏನು ತಪ್ಪದೆ ಅಂತಾನಾದ್ರೂ ಕಂಡಿಡೀತೀಯ."

ಅರವತ್ತು ಸಾವಿರಕ್ಕಾದರೆ, ಹತ್ತು ವರ್ಷಕ್ಕೆ, ಒಂದು ಜೋಡಣೆಗೆ ಐವತ್ತು ರೂಪಾಯಿ. ಲೆಕ್ಕ ಅವನ ತಲೆಯಲ್ಲಿ ತಾನಾಗಿ ಆಗಿಹೋಯಿತು, ಅವನು ಬೇಡವೆನ್ನುವ ಮೊದಲೇ.

"ಇವತ್ತು ಮೈಸೂರಿಗೆ ಓಗ್ಬ್ಯಾಡ," ಅಂದ. "ಬಾಗ್ಲವಾಡ ನಿಲ್ಲಿಸಿದ ಮ್ಯಾಕೆ ಮಾತಾಡವಾ."

"ಆಯ್ತಣ್ಣ. ನೀ ಎಂಗಂದ್ರೆ ಅಂಗೆ." ಅಪ್ಪು ಎದ್ದು, ಚೌಕಟ್ಟಿನ ಮೂಲೆಯೊಂದನ್ನು ಸವರಿ, "ಏನ್ ಕೈಯೋ ನಿಂದು" ಅಂದು ಪೆಟ್ಟಿಗೆ ಎತ್ತಿಕೊಂಡು ಹೋದ.

ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆಲ್ಲ ಕೆರಗೋಡಿನಲ್ಲಿ ಜನ ಸೇರಿದ್ದರು. ನಾಲ್ಕಾಳು ಹಿಡಿದು ಬಾಗಿಲುವಾಡವನ್ನು ನಿಲ್ಲಿಸಿದರು. ಅಪ್ಪುವೇ ಮುಂದೆ ನಿಂತು ತೂಕದಗುಂಡು ಬಿಟ್ಟು ನೇರ ನೋಡಿದ. ಹೊಸಿಲಿಗೆ ಅರಿಸಿನ ಬಳಿದದ್ದಾಯಿತು, ಮಾವಿನ ಸೊಪ್ಪು ಕಟ್ಟಿದ್ದಾಯಿತು, ಕಾಯಿ ಒಡೆದದ್ದಾಯಿತು. ಮಲ್ಲಿಗಮ್ಮ ತಟ್ಟೆ ಹಿಡಿದು ಬಂದಳು: ವೀಳೆಯದೆಲೆ, ಅಡಿಕೆ, ಬಾಳೆಹಣ್ಣು, ಮಡಿಕೆ ಬಿಚ್ಚದ ಪಂಚೆ. ಶಿವರಾಜು ಕೈ ತೊಳೆದುಕೊಂಡು, ಟವಲಿನಿಂದ ಒರೆಸಿಕೊಂಡು ಮುಂದೆ ಬಂದು ನಿಂತ.

ಹೊನ್ನಯ್ಯ ತಟ್ಟೆಯನ್ನು ತೆಗೆದುಕೊಳ್ಳಲಿಲ್ಲ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ.

"ಅಪ್ಪು, ಒಂದು ಚೊಂಬು ನೀರ್ ತತ್ತಾ."

ಅಪ್ಪು ತಂದ. ಹೊನ್ನಯ್ಯ ಎಡಗಡೆಯ ಕಂಬವನ್ನು ತೋರಿಸಿ, "ಮೇಲಿಂದ ಬುಡು, ನಿಧಾನಕ್ಕೆ" ಅಂದ. ನೀರು ಇಳಿಯಿತು. ಒದ್ದೆಯಾದ ಕಡೆಯೆಲ್ಲ ಮರದ ಬಣ್ಣ ಕಪ್ಪಿಟ್ಟು, ಎಳೆಗಳು ಒಂದೊಂದಾಗಿ ಎದ್ದು ಕಂಡವು. ಏನೋ ಶಾಸ್ತ್ರವಿರಬೇಕೆಂದು ಜನ ಸುಮ್ಮನಾದರು. ಹೊನ್ನಯ್ಯ ಹೊಸಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು, ನಡುಗುವ ಬೆರಳನ್ನು ಒಂದು ಎಳೆಯ ಮೇಲಿಟ್ಟು, ಅದರ ಜಾಡಿನಲ್ಲೇ ಮೇಲಕ್ಕೆ ಹೋದ. ಮೊಣಕಾಲು ಹಿಡಿದುಕೊಂಡು ಎದ್ದ. ಬೆರಳು ಏರುತ್ತಲೇ ಇತ್ತು.

ಶಿವರಾಜು ಮೇಲಿನ ಮೂಲೆಯನ್ನು ನೋಡುತ್ತಿದ್ದ. ಬೆರಳು ಅಲ್ಲಿಗೆ ಬಂದರೆ, ಅಲ್ಲಿ ನಿಂತರೆ, ಹೆಬ್ಬೆರಳು ಗೆರೆಯನ್ನು ಸವರಿದರೆ. ಬೆರಳು ಅಲ್ಲಿಗೆ ಬಂತು. ನಿಲ್ಲಲಿಲ್ಲ. ಜೋಡಣೆಯನ್ನು ಮುಟ್ಟದೆ ಕೈ ಇಳಿಯಿತು. ಹೊನ್ನಯ್ಯ ಬಲಗಡೆಯ ಕಂಬದ ಕಡೆ ತಿರುಗಿದ.

ಇಪ್ಪತ್ತೆರಡು ವರ್ಷ ಮಿಲ್ಲಿನವರು ಕಳಿಸಿದ ಮರವನ್ನು, ಗಿರಾಕಿ ತಂದುಕೊಟ್ಟ ಮರವನ್ನು ಎಳೆ ನೇರವಿದೆಯೇ ಎಂದು ಹೊನ್ನಯ್ಯ ಹೀಗೆ ನೀರು ಹಾಕಿ ನೋಡುವುದನ್ನು ಶಿವರಾಜು ಕಂಡಿದ್ದ. ಶಿವರಾಜು ಆರಿಸಿ ತಂದ ಮರಕ್ಕೆ ಆತ ಒಂದು ಸಲವೂ ನೀರು ಮುಟ್ಟಿಸಿರಲಿಲ್ಲ.

"ಒತ್ತಾಯ್ತದೆ ಕಣ್ರೀ," ಮಲ್ಲಿಗಮ್ಮ ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. "ಇನ್ನೇನು ನೋಡ್ತೀರಿ? ಸಿವರಾಜು ತಂದಿರೋ ಮರ ತಾನೇ?"

"ನೀರ್ ಬುಡ್ಲಾ," ಅಂದ ಹೊನ್ನಯ್ಯ.

ಅಪ್ಪು ಚೊಂಬು ಬಗ್ಗಿಸಿದ. ಬಲಗಂಬದ ಎಳೆಗಳೂ ಬಾಚಣಿಗೆ ಎಳೆದಂತೆ ನೇರವಾಗಿ ಇಳಿದುಬಂದವು. ಅವನು ಅವನ್ನು ನೋಡಿದ. ಮೇಸ್ತ್ರಿಯ ಬೆರಳನ್ನು ನೋಡಿದ. ಬೆರಳು ಕಂಬದ ಅರ್ಧಕ್ಕೆ ಬಂದಾಗ ಅಪ್ಪುವಿನ ಕೈ ನಿಂತುಬಿಟ್ಟಿತು. ಬಗ್ಗಿಸಿದ ಚೊಂಬಿನ ಬಾಯಿಂದ ನೀರು ಮರವನ್ನು ಬಿಟ್ಟು ಅವನ ಕಾಲಿನ ಮೇಲೆ ಸುರಿಯುತ್ತಿತ್ತು. ಅವನು ಕಾಲು ಸರಿಸದೆ, ನಿಧಾನವಾಗಿ ತಲೆಯೆತ್ತಿ ಶಿವರಾಜುವಿನ ಕಡೆ ನೋಡಿದ.

ಎಡಗಂಬದ ಮೇಲಿನ ನೀರು ಆಗಲೇ ತುದಿಯಿಂದ ಆರುತ್ತ ಬರುತ್ತಿತ್ತು.